ಯಾರ ಗಡಿಯಾರದಲ್ಲಿ?

"ವೇಗವಾಗಿ ಹೋದರೆ ಕಾಲ ನಿಧಾನವಾಗುತ್ತದೆ." ಈ ಮಾತು ಕೇಳದವರು ಕಡಿಮೆ. ರಾಕೆಟ್ಟಿನಲ್ಲಿ ದೂರ ಹೋಗಿ ಬಂದ ಅಣ್ಣ, ಮನೆಯಲ್ಲೇ ಇದ್ದ ತಮ್ಮನಿಗಿಂತ ಚಿಕ್ಕವನಾಗಿರುವ ಕಥೆಯೂ ಎಲ್ಲರಿಗೂ ಗೊತ್ತು. ನಾನೂ ಕೇಳಿದ್ದೆ, ತಲೆಯಾಡಿಸಿದ್ದೆ. ಅರ್ಥವಾಗಿತ್ತು ಅಂತಲ್ಲ. ಒಂದು ಪ್ರಶ್ನೆ ಕೇಳುವಷ್ಟೂ ಅರ್ಥವಾಗಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ.

ಈ ವಿಷಯ ಹಿಡಿದು ಕೂರುವಂತೆ ಮಾಡಿದ್ದು ಜಿಪಿಎಸ್. ಆ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 14,000 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತವೆ. ಒಳಗೆ ಪರಮಾಣು ಗಡಿಯಾರಗಳಿವೆ, ಅಂದರೆ ಪರಮಾಣುವಿನ ಮಿಡಿತ ಎಣಿಸಿ ಹೊತ್ತು ಹೇಳುವಂಥವು. ಅಷ್ಟು ವೇಗದಲ್ಲಿರುವ ಗಡಿಯಾರ ನಿಧಾನವಾಗಬೇಕು ಅಲ್ವಾ? ಆದರೆ ಅವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ (ಒಂದು ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ) ಮುಂದೆ ಓಡುತ್ತವೆ ಎಂದು ಓದಿದೆ. ಹಿಂದೆ ಅಲ್ಲ, ಮುಂದೆ. ನನಗೆ ಗೊತ್ತಿದ್ದ ಒಂದೇ ಒಂದು ವಾಕ್ಯವೂ ಕೈಕೊಟ್ಟಿತು.

ನಾನು ಲೆಕ್ಕಪತ್ರದ ಕೆಲಸದವಳು. ಕೂಡಬೇಕಾದಲ್ಲಿ ಕಳೆದದ್ದು ಕಂಡರೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಹುಡುಕಲು ಶುರು ಮಾಡಿದೆ. ವಿಡಿಯೋಗಳು ಬೇಕಾದಷ್ಟಿವೆ. ಕೆಲವು, ಬೇಜಾರಾದಾಗ ಹೊತ್ತು ಹೋಗುವುದಿಲ್ಲ, ಖುಷಿಯಲ್ಲಿ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ, ಇದೇ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆ, ಅಂದರೆ ರಿಲೇಟಿವಿಟಿ, ಎನ್ನುತ್ತವೆ. ಇದಂತೂ ಶುದ್ಧ ದಾರಿ ತಪ್ಪಿಸುವ ಮಾತು. ಅನಿಸಿಕೆಗೂ ಈ ಸಿದ್ಧಾಂತಕ್ಕೂ ಸಂಬಂಧವೇ ಇಲ್ಲ. ಬೇಜಾರೂ ಖುಷಿಯೂ ಇಲ್ಲದ ಪರಮಾಣುವಿನಲ್ಲಿ ಈ ವ್ಯತ್ಯಾಸ ಅಳತೆಗೆ ಸಿಗುತ್ತದೆ. ಇನ್ನು ಕೆಲವು ವಿಡಿಯೋಗಳು ನೇರವಾಗಿ ಕಪ್ಪುಕುಳಿಗೆ ಕರೆದುಕೊಂಡು ಹೋಗುತ್ತವೆ. ಚಿತ್ರ ಚೆನ್ನಾಗಿರುತ್ತದೆ, ಸಂಗೀತವೂ ಚೆನ್ನಾಗಿರುತ್ತದೆ. ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅಕ್ಕನ ಮಗ ಭೌತಶಾಸ್ತ್ರ ಓದುತ್ತಿದ್ದಾನೆ. ಅವನಿಗೆ ಫೋನ್ ಮಾಡಿದೆ.

"ಜೋರಾಗಿ ಹೋದ್ರೆ ಟೈಮ್ ನಿಧಾನ ಆಗತ್ತೆ ಅಂತಾರಲ್ಲ, ಯಾಕೋ?"

"ಯಾರ ಗಡಿಯಾರದಲ್ಲಿ, ಚಿಕ್ಕಮ್ಮ?"

"ಹೋಗೋನ ಗಡಿಯಾರದಲ್ಲಿ."

"ಅವನಿಗೆ ಅವನ ಗಡಿಯಾರ ಸರಿಯಾಗೇ ಓಡ್ತಿರತ್ತೆ. ನಿಧಾನ ಅಂತ ಹೇಳ್ತಿರೋದು ಯಾರು? ಅವರ ಹತ್ರ ಎಷ್ಟು ಗಡಿಯಾರ ಇದೆ? ಎಲ್ಲೆಲ್ಲಿ ಇಟ್ಟಿದಾರೆ?"

ಸಹಾಯ ಕೇಳಿದರೆ ಇವನು ನನ್ನನ್ನೇ ವಿಚಾರಣೆ ಮಾಡುತ್ತಿದ್ದಾನಲ್ಲ ಅನಿಸಿತು. ಅವನು ಏನನ್ನೂ ವಿವರಿಸಲಿಲ್ಲ. "ನಿಮಗೆ ಲೆಕ್ಕ ಬರತ್ತಲ್ಲ, ಪೆನ್ನು ಹಿಡಿದು ಕೂತ್ಕೊಳ್ಳಿ. ಪೈಥಾಗೊರಸ್ ನೆನಪಿದ್ರೆ ಸಾಕು" ಅಂದ. ಮುಂದೆ ನಾನು ಏನೇ ಕೇಳಿದರೂ ಅವನ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಅದೇ ಪ್ರಶ್ನೆ: ಯಾರ ಗಡಿಯಾರದಲ್ಲಿ?

ಶುರು ಮಾಡಬೇಕಾದದ್ದು ಬೆಳಕಿನಿಂದ. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್, ಅಂದರೆ ಸುಮಾರು ಮೂರು ಲಕ್ಷ ಕಿಲೋಮೀಟರ್. 1983ರಿಂದ ಮೀಟರಿನ ಅಳತೆಯನ್ನೇ ಈ ಸಂಖ್ಯೆಯಿಂದ ನಿಗದಿ ಮಾಡಿದ್ದಾರೆ. ವಿಚಿತ್ರ ಇರುವುದು ವೇಗದ ದೊಡ್ಡತನದಲ್ಲಿ ಅಲ್ಲ. ನೀವು ಬೆಳಕಿನ ಎದುರಿಗೆ ಓಡಿದರೂ, ಅದರ ಹಿಂದೆ ಓಡಿದರೂ, ನಿಂತೇ ಇದ್ದರೂ ಅಳೆದಾಗ ಅದೇ ಸಂಖ್ಯೆ ಬರುತ್ತದೆ. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬ ಇಬ್ಬರು ಭೂಮಿಯ ಓಟದಿಂದ ಬೆಳಕಿನ ವೇಗದಲ್ಲಿ ಆಗಬೇಕಿದ್ದ ವ್ಯತ್ಯಾಸ ಹಿಡಿಯಲು ಹೊರಟರು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ಅವರ ಉಪಕರಣಕ್ಕೆ ಅದು ಸಿಗಬೇಕಿತ್ತು. ಸಿಗಲಿಲ್ಲ. 1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ 26 ವರ್ಷದ ಐನ್‌ಸ್ಟೈನ್ ಬೆಳಕಿನ ಈ ಹಟವನ್ನು ಹಾಗೇ ಒಪ್ಪಿಕೊಂಡು, ಒಪ್ಪಿದರೆ ಇನ್ನೇನೇನನ್ನು ಬಿಡಬೇಕಾಗುತ್ತದೆ ಎಂದು ನೋಡಿದರು.

ನಾನೂ ಹಾಗೇ ಮಾಡಿದೆ. ಬೆಳಕು ಯಾಕೆ ಹೀಗೆ ಎಂದು ಕೇಳುತ್ತಾ ಕೂತರೆ ಮೊದಲ ಪುಟ ದಾಟುವುದಿಲ್ಲ. ಅಳೆದರೆ ಹೀಗೆ ಬರುತ್ತದೆ, ಅಷ್ಟೇ. ವೇಗ ಎಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು. ಇಬ್ಬರಿಗೆ ದೂರ ಬೇರೆಬೇರೆ ಬಂದು, ವೇಗ ಮಾತ್ರ ಒಂದೇ ಬಂದರೆ, ಕಾಲ ಬೇರೆಯಾಗಲೇಬೇಕು. ಬೇರೆ ದಾರಿ ಇಲ್ಲ.

ಇದನ್ನು ಕಾಗದದ ಮೇಲೆ ತೋರಿಸುವುದು ಬೆಳಕಿನ ಗಡಿಯಾರ. ಎದುರುಬದುರಾಗಿ ಎರಡು ಕನ್ನಡಿ, ಒಂದು ಕೆಳಗೆ, ಒಂದು ಮೇಲೆ. ನಡುವೆ ಬೆಳಕಿನ ಒಂದು ಮಿಣುಕು ಮೇಲೆ ಕೆಳಗೆ ಓಡಾಡುತ್ತಿದೆ. ಕೆಳಗಿನಿಂದ ಮೇಲೆ ತಲುಪಿದರೆ ಒಂದು ಟಿಕ್. ಈ ಗಡಿಯಾರವನ್ನು ಒಂದು ನೌಕೆಯೊಳಗೆ ಇಡೋಣ. ನೌಕೆ ಬೆಳಕಿನ ವೇಗದ ಶೇಕಡಾ 60ರಲ್ಲಿ ಪಕ್ಕಕ್ಕೆ ಹೋಗುತ್ತಿದೆ. ಒಳಗೆ ಕೂತವನಿಗೆ ಮಿಣುಕು ನೇರ ಮೇಲೆ ಹೋಗುತ್ತದೆ. ಕನ್ನಡಿಗಳ ನಡುವಿನ ದೂರ 4 ಎಂದುಕೊಳ್ಳಿ. ಹೊರಗೆ ನಿಂತವಳಿಗೆ ಮಿಣುಕು ಓರೆಯಾಗಿ ಹೋಗುತ್ತದೆ, ಯಾಕೆಂದರೆ ಅದು ಮೇಲೆ ತಲುಪುವ ಹೊತ್ತಿಗೆ ಕನ್ನಡಿ ಮುಂದಕ್ಕೆ ಹೋಗಿರುತ್ತದೆ. ಕನ್ನಡಿ 3 ಮುಂದೆ ಹೋದರೆ ಓರೆ ದಾರಿ 5. ಶಾಲೆಯ ಅದೇ 3, 4, 5ರ ತ್ರಿಕೋನ. ಬೆಳಕು 5 ಹೋಗುವಷ್ಟರಲ್ಲಿ ನೌಕೆ 3 ಹೋಗಿದೆ, ಅಂದರೆ ಶೇಕಡಾ 60. ಸರಿಯಾಗಿ ಕೂತಿತು.

ಬೆಳಕಿನ ವೇಗ ಇಬ್ಬರಿಗೂ ಒಂದೇ. ಹಾಗಾಗಿ ಒಳಗಿನವನು 4 ಎಂದು ಎಣಿಸುವ ಕಾಲವನ್ನು ಹೊರಗಿನವಳು 5 ಎಂದು ಎಣಿಸುತ್ತಾಳೆ. ಅವಳ 5 ವರ್ಷಕ್ಕೆ ಅವನ 4 ವರ್ಷ. ಇಷ್ಟೇ ಕಾಲ ಹಿಗ್ಗುವಿಕೆ. ಭಯಪಡಿಸುವ ಸೂತ್ರ ಒಂದಿದೆ, ವರ್ಗಮೂಲ ಎಲ್ಲ ಹಾಕಿ ಬರೆಯುತ್ತಾರೆ. ಅದು ಈ ತ್ರಿಕೋನವೇ. ಬೇರೆ ವೇಗಕ್ಕೆ ಬೇರೆ ತ್ರಿಕೋನ. ಶೇಕಡಾ 80ರ ವೇಗಕ್ಕೆ ಅನುಪಾತ 5ಕ್ಕೆ 3. ಶೇಕಡಾ 99ಕ್ಕೆ ಸುಮಾರು 7ಕ್ಕೆ 1. ವಿಮಾನದ ವೇಗಕ್ಕೆ ತ್ರಿಕೋನ ಎಷ್ಟು ಸಪೂರ ಎಂದರೆ ಓರೆ ದಾರಿಗೂ ನೇರ ದಾರಿಗೂ ವ್ಯತ್ಯಾಸ ಹೇಳಲು ಪರಮಾಣು ಗಡಿಯಾರವೇ ಬೇಕು. ನಮ್ಮ ಜೀವನದಲ್ಲಿ ಇದು ಯಾಕೆ ಕಾಣುವುದಿಲ್ಲ ಎಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು.

ಒಂದು ಅನುಮಾನ ಉಳಿದಿತ್ತು. ಇದು ಕನ್ನಡಿ ಗಡಿಯಾರದ ಕಥೆ. ಕೈಗಡಿಯಾರ, ಎದೆಬಡಿತ, ಬೆಳೆಯುವ ಕೂದಲು ಇವೆಲ್ಲ ಯಾಕೆ ಅದರ ಜೊತೆ ನಿಧಾನವಾಗಬೇಕು? ಇದಕ್ಕೆ ಉತ್ತರ ಐನ್‌ಸ್ಟೈನ್‌ಗಿಂತ ಬಹಳ ಹಿಂದಿನದು. ಗೆಲಿಲಿಯೋ 1632ರಲ್ಲೇ ಹೇಳಿದ್ದ: ಒಂದೇ ಸಮನೆ ಸಾಗುವ ಹಡಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ, ಒಳಗಿನ ಯಾವ ಪ್ರಯೋಗದಿಂದಲೂ ಹಡಗು ಸಾಗುತ್ತಿದೆಯೋ ನಿಂತಿದೆಯೋ ಹೇಳಲಾಗದು. ನೌಕೆಯಲ್ಲಿ ಬೆಳಕಿನ ಗಡಿಯಾರ ಮಾತ್ರ ಹಿಂದೆ ಬಿದ್ದು ಕೈಗಡಿಯಾರ ಬೀಳದಿದ್ದರೆ, ಒಳಗಿನವನು ಎರಡನ್ನೂ ಪಕ್ಕದಲ್ಲಿಟ್ಟು ತನ್ನ ವೇಗವನ್ನೇ ಹೇಳಿಬಿಡಬಹುದಿತ್ತು. ಹಾಗಾಗಿ ಒಳಗಿನ ಎಲ್ಲವೂ ಒಟ್ಟಿಗೇ. ಅವನಿಗಂತೂ ಏನೂ ನಿಧಾನವಾಗಿರುವುದಿಲ್ಲ.

ಇಲ್ಲಿಗೆ ಅರ್ಥವಾಯಿತು ಎಂದುಕೊಂಡು ಅಕ್ಕನ ಮಗನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು. "ನೌಕೆಯಲ್ಲಿ ಇರೋನಿಗೆ ತಾನು ನಿಂತಿದೀನಿ, ಭೂಮಿ ಹಿಂದಕ್ಕೆ ಹೋಗ್ತಿದೆ. ಅವನ ಲೆಕ್ಕದಲ್ಲಿ ಯಾರ ಗಡಿಯಾರ ನಿಧಾನ?"

ಭೂಮಿಯದ್ದು. ಅದೇ ತ್ರಿಕೋನ, ತಿರುಗಿಸಿ ಬರೆದರೆ ಆಯಿತು. ಇವನಿಗೆ ಅವಳದ್ದು ನಿಧಾನ, ಅವಳಿಗೆ ಇವನದ್ದು ನಿಧಾನ. ಎರಡೂ ಸರಿಯಂತೆ! ಜಾಸ್ತಿ ಜನ ಇಲ್ಲಿಗೆ ಬಂದು ಪುಸ್ತಕ ಮುಚ್ಚುತ್ತಾರೆ ಎಂದು ನನ್ನ ನಂಬಿಕೆ. ಇಬ್ಬರು ಒಬ್ಬರಿಗಿಂತ ಒಬ್ಬರು ಎತ್ತರ ಎಂದ ಹಾಗೆ ಕೇಳಿಸುತ್ತದೆ. ನಾನೂ ಎಷ್ಟೋ ದಿನ ಇದನ್ನು ಮುಟ್ಟಲಿಲ್ಲ.

ತಿರುಗಿ ಕೂತಾಗ ದಾರಿ ತೋರಿಸಿದ್ದು ಅವನ ಆ ಮೊದಲ ವಿಚಾರಣೆಯೇ. ಅವರ ಹತ್ತಿರ ಎಷ್ಟು ಗಡಿಯಾರ ಇದೆ? ಎಲ್ಲೆಲ್ಲಿ ಇಟ್ಟಿದ್ದಾರೆ? ಯೋಚಿಸಿ. ನೌಕೆ ನನ್ನ ಪಕ್ಕದಲ್ಲಿ ಹಾದಾಗ ಅದರ ಗಡಿಯಾರ ನೋಡುತ್ತೇನೆ, ನನ್ನದನ್ನೂ ನೋಡುತ್ತೇನೆ. ಆಮೇಲೆ ಅದು ದೂರ ಹೋಗುತ್ತದೆ. ಎರಡನೇ ಸಲ ಹೋಲಿಸಲು ಆ ದೂರದ ಜಾಗದಲ್ಲಿ ನನ್ನದೇ ಇನ್ನೊಂದು ಗಡಿಯಾರ ಬೇಕು. ಆ ಎರಡು ಗಡಿಯಾರ ಒಂದೇ ಹೊತ್ತು ತೋರಿಸುತ್ತಿವೆ ಎಂಬ ಖಾತ್ರಿಯೂ ಬೇಕು. ಸಿಕ್ಕು ಇರುವುದು ಆ ಖಾತ್ರಿಯಲ್ಲೇ.

ಐನ್‌ಸ್ಟೈನ್‌ರ ರೈಲಿನ ಉದಾಹರಣೆ ಇದಕ್ಕೇ ಇರುವುದು. ಓಡುವ ರೈಲಿನ ಎರಡೂ ತುದಿಗೆ ಸಿಡಿಲು ಬಡಿಯುತ್ತದೆ. ಪ್ಲಾಟ್‌ಫಾರ್ಮಿನ ಮೇಲೆ ಸರಿ ಮಧ್ಯೆ ನಿಂತವಳಿಗೆ ಎರಡೂ ಬೆಳಕು ಒಟ್ಟಿಗೆ ತಲುಪುತ್ತವೆ. ಎರಡೂ ಸಮ ದೂರ, ಹಾಗಾಗಿ ಒಂದೇ ಹೊತ್ತಿಗೆ ಬಡಿಯಿತು ಎನ್ನುತ್ತಾಳೆ. ರೈಲಿನ ಮಧ್ಯೆ ಕೂತವನು ಮುಂದಿನ ಬೆಳಕಿನ ಕಡೆಗೆ ಹೋಗುತ್ತಿದ್ದಾನೆ, ಅವನಿಗೆ ಅದು ಮೊದಲು ಸಿಗುತ್ತದೆ. ಅವನಿಗೂ ಎರಡು ತುದಿ ಸಮ ದೂರ. ಅವನಿಗೂ ಬೆಳಕಿನ ವೇಗ ಎರಡು ಕಡೆಯಿಂದಲೂ ಒಂದೇ. ಹಾಗಿದ್ದರೆ ಅವನು ಹೇಳಬೇಕಾದದ್ದು ಒಂದೇ: ಮುಂದಿನ ತುದಿಗೆ ಮೊದಲು ಬಡಿಯಿತು. ಇಬ್ಬರೂ ತಮ್ಮ ಲೆಕ್ಕ ಸರಿಯಾಗಿಯೇ ಮಾಡಿದ್ದಾರೆ.

ಇದು ಬೆಳಕು ತಡವಾಗಿ ಬಂದದ್ದರ ಗೊಂದಲ ಅಲ್ಲ. ಆ ತಡ ಬೇರೆಯೇ ವಿಷಯ, ಅದು ಹಳೆಯದು. 1676ರಲ್ಲಿ ರೋಮರ್ ಎಂಬ ಡೆನ್ಮಾರ್ಕಿನ ಖಗೋಳಜ್ಞ ಗುರುಗ್ರಹದ ಉಪಗ್ರಹ ಅಯೋ ಮರೆಯಾಗುವುದು ವರ್ಷದ ಕೆಲವು ತಿಂಗಳುಗಳಲ್ಲಿ ಎಣಿಸಿದ ಹೊತ್ತಿಗಿಂತ ತಡವಾಗಿ ಕಾಣುವುದನ್ನು ಗಮನಿಸಿ, ಬೆಳಕು ಬರಲು ಹೊತ್ತು ಹಿಡಿಯುತ್ತದೆ ಎಂದು ಕಂಡುಕೊಂಡ. ಅಂಥ ತಡವನ್ನೆಲ್ಲ ಕಳೆದ ಮೇಲೂ ಉಳಿಯುವ ವ್ಯತ್ಯಾಸವೇ ಸಾಪೇಕ್ಷತೆ.

ಅಂದರೆ ದೂರದ ಜಾಗದಲ್ಲಿ "ಈಗ" ಎಷ್ಟು ಗಂಟೆ ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದು ಉತ್ತರ ಇಲ್ಲ. ನನ್ನ ತಲೆಯಲ್ಲಿ ನನಗೇ ಗೊತ್ತಿಲ್ಲದೆ ಒಂದು ದೊಡ್ಡ ಗಡಿಯಾರ ನೇತುಹಾಕಿಕೊಂಡಿದ್ದೆ. ಇಡೀ ವಿಶ್ವಕ್ಕೆ ಅದೊಂದೇ. ನೌಕೆಯ ಗಡಿಯಾರ ಅದಕ್ಕಿಂತ ಹಿಂದೆ, ಭೂಮಿಯದ್ದು ಅದರ ಜೊತೆ, ಹೀಗೆ. 1687ರಲ್ಲಿ ನ್ಯೂಟನ್ ಅಂಥ ಒಂದು ಕಾಲವನ್ನು ಇದೆ ಎಂದೇ ಇಟ್ಟುಕೊಂಡು ಮುಂದೆ ಹೋದ, ಇನ್ನೂರು ವರ್ಷ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ನನ್ನಂಥವಳಿಗೆ ಕಷ್ಟವಾದದ್ದು ಗಣಿತ ಅಲ್ಲ. ಆ ಗಡಿಯಾರವನ್ನು ಗೋಡೆಯಿಂದ ಇಳಿಸುವುದು.

ಇಳಿಸಿದ ಮೇಲೆ ಲೆಕ್ಕ ಹೇಗೆ ಕೂಡಿಬರುತ್ತದೆ ನೋಡಿ. ಒಂದು ನಕ್ಷತ್ರ 3 ಜ್ಯೋತಿರ್ವರ್ಷ ದೂರದಲ್ಲಿದೆ ಎಂದುಕೊಳ್ಳಿ. ಬೆಳಕು ಒಂದು ವರ್ಷದಲ್ಲಿ ಹೋಗುವ ದೂರವೇ ಒಂದು ಜ್ಯೋತಿರ್ವರ್ಷ. ನೌಕೆ ಅದೇ ಶೇಕಡಾ 60ರ ವೇಗದಲ್ಲಿ ಹೊರಡುತ್ತದೆ. ಭೂಮಿಯಲ್ಲೂ ನಕ್ಷತ್ರದಲ್ಲೂ ಒಂದೊಂದು ಗಡಿಯಾರ, ಭೂಮಿಯವರ ಪ್ರಕಾರ ಎರಡೂ ಹೊಂದಿಸಿದ್ದು. ಭೂಮಿಯ ಪುಸ್ತಕದಲ್ಲಿ: 3 ಜ್ಯೋತಿರ್ವರ್ಷವನ್ನು 0.6ರಿಂದ ಭಾಗಿಸಿದರೆ 5 ವರ್ಷ. ನೌಕೆ ತಲುಪಿದಾಗ ನಕ್ಷತ್ರದ ಗಡಿಯಾರದಲ್ಲಿ 5, ನೌಕೆಯ ಗಡಿಯಾರದಲ್ಲಿ 4. ಇದು ಗೊತ್ತಿದ್ದದ್ದೇ.

ಈಗ ಪ್ರಯಾಣಿಕನ ಪುಸ್ತಕ. ಅವನ ಗಡಿಯಾರದಲ್ಲಿ 4 ವರ್ಷ. ಅವನು ನಿಂತಿದ್ದಾನೆ, ನಕ್ಷತ್ರ ಶೇಕಡಾ 60ರ ವೇಗದಲ್ಲಿ ಅವನ ಕಡೆ ಬರುತ್ತಿದೆ. 4 ವರ್ಷದಲ್ಲಿ ಅದು ಬರುವ ದೂರ 2.4 ಜ್ಯೋತಿರ್ವರ್ಷ. ಅಂದರೆ ಅವನಿಗೆ ದೂರವೇ 3ರಿಂದ 2.4ಕ್ಕೆ ಕುಗ್ಗಿದೆ. ಅದೇ 5ಕ್ಕೆ 4ರ ಅನುಪಾತ. ಆಯಿತು. ಆದರೆ ಅವನ ಪ್ರಕಾರ ನಕ್ಷತ್ರದ ಗಡಿಯಾರ ನಿಧಾನವಾಗಿ ಓಡುತ್ತಿದೆ ಅಲ್ವಾ? ಅವನ 4 ವರ್ಷಕ್ಕೆ ಅದು 3.2 ವರ್ಷ ಮಾತ್ರ ಓಡಬೇಕು. ತಲುಪಿದಾಗ ಮಾತ್ರ 5 ತೋರಿಸುತ್ತದೆ. ಪಕ್ಕದಲ್ಲೇ ನಿಂತು ನೋಡಿದ್ದು, ಅದರಲ್ಲಿ ವಾದ ಇಲ್ಲ. 1.8 ವರ್ಷ ಎಲ್ಲಿಂದ ಬಂತು?

ಹೊರಡುವಾಗಲೇ ಇತ್ತು. ಪ್ರಯಾಣಿಕನ ಪ್ರಕಾರ ಭೂಮಿಯ ಗಡಿಯಾರ ಮತ್ತು ನಕ್ಷತ್ರದ ಗಡಿಯಾರ ಹೊಂದಿಕೊಂಡೇ ಇರಲಿಲ್ಲ. ಭೂಮಿಯಲ್ಲಿ 0 ಇದ್ದಾಗ ನಕ್ಷತ್ರದಲ್ಲಿ ಆಗಲೇ 1.8. ರೈಲಿನ ಮುಂದಿನ ತುದಿಗೆ ಸಿಡಿಲು "ಮೊದಲು" ಬಡಿಯುತ್ತದಲ್ಲ, ಅದೇ ಇದು. ಎಷ್ಟು ವ್ಯತ್ಯಾಸ ಎಂದು ಹೇಳುವ ಲೆಕ್ಕವೂ ಸುಲಭ: ದೂರ 3, ವೇಗ 0.6, ಗುಣಿಸಿದರೆ 1.8. ಅದಕ್ಕೆ 3.2 ಕೂಡಿಸಿದರೆ 5.

ಈ ಕೂಡುವಿಕೆಯನ್ನು ಬರೆದು ಮುಗಿಸಿದಾಗ ಆದ ಖುಷಿಯನ್ನು ಲೆಕ್ಕಪತ್ರದವರಿಗೆ ಮಾತ್ರ ಹೇಳಬಹುದೇನೋ. ಎರಡು ಬೇರೆ ಬೇರೆ ಪುಸ್ತಕ, ಒಳಗಿನ ನಮೂದು ಒಂದೂ ಒಂದರಂತೆ ಒಂದಿಲ್ಲ, ಆದರೂ ಕೊನೆಯ ಮೊತ್ತ ತಾಳೆಯಾಗಿದೆ. ಇಬ್ಬರೂ ಒಂದೇ ಜಾಗದಲ್ಲಿ ಸೇರಿದಾಗ ಗಡಿಯಾರ ಏನು ತೋರಿಸುತ್ತದೆ ಎಂಬುದರಲ್ಲಿ ಜಗಳ ಇಲ್ಲವೇ ಇಲ್ಲ. ಜಗಳ ಇರುವುದು ದೂರದಲ್ಲಿ "ಈಗ" ಏನಾಗುತ್ತಿದೆ ಎಂಬುದರಲ್ಲಿ ಮಾತ್ರ.

ಅಣ್ಣ ತಮ್ಮನ ಕಥೆ ಈಗ ಬಿಡಿಸಬಹುದು. ಫ್ರಾನ್ಸಿನ ಭೌತವಿಜ್ಞಾನಿ ಲಾಂಜ್‌ವಾ 1911ರಲ್ಲಿ ಇಂಥ ಪ್ರಯಾಣಿಕನ ಕಥೆ ಹೇಳಿದ್ದ. ಅಣ್ಣ ಆ ನಕ್ಷತ್ರಕ್ಕೆ ಹೋಗಿ, ತಕ್ಷಣ ತಿರುಗಿ ವಾಪಸ್ ಬರುತ್ತಾನೆ. ಅಷ್ಟರಲ್ಲಿ ತಮ್ಮನಿಗೆ ಕಳೆದದ್ದು 10 ವರ್ಷ, ಅಣ್ಣನಿಗೆ 8. ಇಬ್ಬರಿಗೂ ಇನ್ನೊಬ್ಬರದ್ದು ನಿಧಾನ ಎಂದಮೇಲೆ ಅಣ್ಣನೇ ಯಾಕೆ ಚಿಕ್ಕವನಾಗಬೇಕು? "ಅಣ್ಣ ತಿರುಗಿದ್ದರಿಂದ" ಎಂದು ಎಲ್ಲರೂ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಮಾತು ಸರಿಯೇ, ಆದರೆ ಅದರಿಂದ ನನಗೆ ಸಮಾಧಾನವಾಗಲಿಲ್ಲ. ಸಮಾಧಾನವಾದದ್ದು ಸಂದೇಶ ಎಣಿಸಿದಾಗ.

ಇಬ್ಬರೂ ತಮ್ಮ ತಮ್ಮ ಗಡಿಯಾರದಲ್ಲಿ ಒಂದು ವರ್ಷ ತುಂಬಿದಾಗಲೆಲ್ಲ ಒಂದು ರೇಡಿಯೋ ಸಂದೇಶ ಕಳಿಸಬೇಕು. ಈ ವೇಗದಲ್ಲಿ ದೂರ ಹೋಗುತ್ತಿರುವಾಗ ಸಂದೇಶಗಳು ಎರಡು ವರ್ಷಕ್ಕೊಂದು ಬರುತ್ತವೆ. ಹತ್ತಿರ ಬರುತ್ತಿರುವಾಗ ಆರು ತಿಂಗಳಿಗೊಂದು. ಇದು ಇಬ್ಬರಿಗೂ ಸಮ. ಅಣ್ಣ ಹೋಗುವ 4 ವರ್ಷದಲ್ಲಿ ತಮ್ಮನ 2 ಸಂದೇಶ ಪಡೆಯುತ್ತಾನೆ. ತಿರುಗಿದ ಗಳಿಗೆಯಿಂದಲೇ ಆರು ತಿಂಗಳಿಗೊಂದು ಬರಲು ಶುರು, ವಾಪಸ್ ಬರುವ 4 ವರ್ಷದಲ್ಲಿ 8. ಒಟ್ಟು 10. ತಮ್ಮನ ಕಡೆ ನೋಡಿ. ಅಣ್ಣ ತಿರುಗಿದ್ದು ಭೂಮಿಯ 5ನೇ ವರ್ಷದಲ್ಲಿ. ಆದರೆ ಆ ಸುದ್ದಿ 3 ಜ್ಯೋತಿರ್ವರ್ಷ ದೂರದಿಂದ ಬರಬೇಕು, ತಮ್ಮನಿಗೆ ಸಿಗುವುದು 8ನೇ ವರ್ಷಕ್ಕೆ. ಅಲ್ಲಿಯವರೆಗೆ ಎರಡು ವರ್ಷಕ್ಕೊಂದರಂತೆ 4 ಸಂದೇಶ. ಉಳಿದ 2 ವರ್ಷದಲ್ಲಿ ಆರು ತಿಂಗಳಿಗೊಂದರಂತೆ 4. ಒಟ್ಟು 8.

ಕಳಿಸಿದ್ದಷ್ಟೂ ಬಂದಿದೆ, ಒಂದೂ ಕಳೆದುಹೋಗಿಲ್ಲ. ಅಣ್ಣನಿಗೆ ಬದಲಾವಣೆ ಪ್ರಯಾಣದ ಅರ್ಧದಲ್ಲಿ ಕಾಣುತ್ತದೆ, ತಮ್ಮನಿಗೆ ಬಹಳ ತಡವಾಗಿ ಕಾಣುತ್ತದೆ. ಅಸಮಾನತೆ ಕೂತಿರುವುದು ಅಲ್ಲಿ. ಇದನ್ನು ಪೆನ್ಸಿಲ್ ಹಿಡಿದು ಒಮ್ಮೆ ಗೆರೆ ಹಾಕಿ ನೋಡಿ, ಕಾಲದ ಬಗ್ಗೆ ಯಾವ ದೊಡ್ಡ ಮಾತೂ ಬೇಕಾಗುವುದಿಲ್ಲ.

ಕಾಗದದ ಮೇಲೆ ಸರಿ, ಜಗತ್ತಿನಲ್ಲಿ? ಇದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಮ್ಯೂಯಾನ್ ಎಂಬ ಕಣ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣದ ಮೇಲ್ಭಾಗಕ್ಕೆ ಅಪ್ಪಳಿಸಿದಾಗ, 10-15 ಕಿಲೋಮೀಟರ್ ಎತ್ತರದಲ್ಲಿ ಇವು ಹುಟ್ಟುತ್ತವೆ. ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಸುಮಾರು 660 ಮೀಟರ್ ಹೋಗಬಲ್ಲದು, ಅಷ್ಟೇ. ಹಾಗಾಗಿ ನೆಲಕ್ಕೆ ಇವು ತಲುಪುವ ಮಾತೇ ಇರಬಾರದು. ಆದರೆ ಧಾರಾಳವಾಗಿ ತಲುಪುತ್ತವೆ, ನೀವು ಇದನ್ನು ಓದುತ್ತಿರುವಾಗ ನಿಮ್ಮ ಮೂಲಕವೂ ಹಾದುಹೋಗುತ್ತಿವೆ. ಫ್ರಿಶ್ ಮತ್ತು ಸ್ಮಿತ್ ಎಂಬ ಇಬ್ಬರು ಅಮೆರಿಕದ ಮೌಂಟ್ ವಾಷಿಂಗ್ಟನ್ ಶಿಖರದ ಮೇಲೆ, ಸುಮಾರು 1,900 ಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 560 ಮ್ಯೂಯಾನ್ ಎಣಿಸಿದರು. ಅವುಗಳ ಆಯಸ್ಸು ನೋಡಿದರೆ ಸಮುದ್ರಮಟ್ಟಕ್ಕೆ 30ರ ಆಸುಪಾಸು ಉಳಿಯಬೇಕಿತ್ತು. ಕೆಳಗೆ ಎಣಿಸಿದಾಗ ಸಿಕ್ಕಿದ್ದು 400ಕ್ಕೂ ಜಾಸ್ತಿ. 1963ರಲ್ಲಿ ಇದನ್ನು ಪ್ರಕಟಿಸಿದರು.

ನಮ್ಮ ಲೆಕ್ಕದಲ್ಲಿ ಮ್ಯೂಯಾನ್‌ನ ಗಡಿಯಾರ ನಿಧಾನ, ಅದಕ್ಕೇ ಬದುಕಿ ಬಂತು. ಮ್ಯೂಯಾನ್‌ನ ಲೆಕ್ಕದಲ್ಲಿ ಅದರ ಆಯಸ್ಸು ಅಷ್ಟೇ ಇದೆ, ಬೆಟ್ಟವೇ ಗಿಡ್ಡ. ಎರಡು ಪುಸ್ತಕ, ಒಂದೇ ಮೊತ್ತ.

ವಿಮಾನದ ಪ್ರಯೋಗ ಇನ್ನೂ ಸ್ವಾರಸ್ಯ. 1971ರ ಅಕ್ಟೋಬರ್‌ನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ನಾಲ್ಕು ಸೀಸಿಯಂ ಪರಮಾಣು ಗಡಿಯಾರಗಳನ್ನು ಜನ ಓಡಾಡುವ ಮಾಮೂಲಿ ವಿಮಾನಗಳಲ್ಲಿ ಹೊತ್ತುಕೊಂಡು ಭೂಮಿ ಸುತ್ತಿದರು. ಒಂದು ಸಲ ಪೂರ್ವಕ್ಕೆ, ಒಂದು ಸಲ ಪಶ್ಚಿಮಕ್ಕೆ. ಪೂರ್ವಕ್ಕೆ ಹೋದಾಗ ಗಡಿಯಾರಗಳು ನೆಲದ್ದಕ್ಕಿಂತ ಸುಮಾರು 59 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯ ಒಂದು ಭಾಗ ಒಂದು ನ್ಯಾನೊಸೆಕೆಂಡ್) ಹಿಂದೆ ಬಿದ್ದವು. ಪಶ್ಚಿಮಕ್ಕೆ ಹೋದಾಗ ಸುಮಾರು 273 ನ್ಯಾನೊಸೆಕೆಂಡ್ ಮುಂದೆ ಹೋದವು. ವೇಗ ಹೆಚ್ಚುಕಡಿಮೆ ಒಂದೇ, ದಿಕ್ಕು ಮಾತ್ರ ಬೇರೆ. ಯಾಕೆ? ನೆಲವೂ ನಿಂತಿಲ್ಲ. ಭೂಮಧ್ಯರೇಖೆಯಲ್ಲಿ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಪಶ್ಚಿಮಕ್ಕೆ ಹೋಗುವ ವಿಮಾನ ಆ ತಿರುಗುವಿಕೆಯನ್ನು ಅಷ್ಟು ಕಳೆಯುತ್ತದೆ, ಅಂದರೆ ನೆಲಕ್ಕಿಂತ ನಿಧಾನ. ಪೂರ್ವಕ್ಕೆ ಹೋಗುವುದು ಕೂಡಿಸುತ್ತದೆ.

ಆದರೂ ಮೊತ್ತ ಸರಿಹೋಗಲು ಇನ್ನೊಂದು ಬಾಬ್ತು ಬೇಕು, ಎತ್ತರ. ಜಿಪಿಎಸ್ ಒಗಟಿನ ಉತ್ತರ ಅಡಗಿದ್ದದ್ದು ಅಲ್ಲೇ.

ಎತ್ತರದ ಗಡಿಯಾರ ಬೇಗ ಓಡುತ್ತದೆ. ಇದು ಗುರುತ್ವವನ್ನೂ ಲೆಕ್ಕಕ್ಕೆ ಸೇರಿಸಿಕೊಂಡ 1915ರ ಸಾಮಾನ್ಯ ಸಾಪೇಕ್ಷತೆಯ ಭಾಗ. ಅದರ ಪೂರ್ತಿ ಗಣಿತ ನನ್ನ ಕೈಗೆ ನಿಲುಕುವಂಥದ್ದಲ್ಲ, ಆದರೆ ಈ ಒಂದು ತುಣುಕಿಗೆ ಅದು ಬೇಕಾಗಿಯೂ ಇಲ್ಲ. ಐನ್‌ಸ್ಟೈನ್‌ಗೆ 1907ರಲ್ಲೇ ಹೊಳೆದದ್ದು ಇದು: ಭೂಮಿಯ ಮೇಲೆ ನಿಂತವನಿಗೂ, ಒಂದೇ ಸಮನೆ ವೇಗ ಏರಿಸಿಕೊಳ್ಳುತ್ತಿರುವ ರಾಕೆಟ್ಟಿನಲ್ಲಿ ನಿಂತವನಿಗೂ ಒಳಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ರಾಕೆಟ್ಟಿನ ಮೂತಿಯಲ್ಲಿ ಒಂದು ಗಡಿಯಾರ ಇದೆ, ಸೆಕೆಂಡಿಗೊಂದು ಮಿಣುಕು ಕೆಳಗೆ ಬಿಡುತ್ತದೆ. ಮಿಣುಕು ಕೆಳಗೆ ಬರುವಷ್ಟರಲ್ಲಿ ರಾಕೆಟ್ಟಿನ ಬುಡ ವೇಗ ಹೆಚ್ಚಿಸಿಕೊಂಡು ಅದರ ಎದುರಿಗೆ ಏರಿ ಬಂದಿರುತ್ತದೆ. ಹಾಗಾಗಿ ಬುಡದಲ್ಲಿ ಇರುವವನಿಗೆ ಮಿಣುಕುಗಳು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸಿಗುತ್ತವೆ. ಮೇಲಿನ ಗಡಿಯಾರ ಬೇಗ ಓಡುತ್ತಿದೆ ಎನ್ನುತ್ತಾನೆ. ರಾಕೆಟ್ಟಿಗೆ ಸರಿಯಾದದ್ದು ಭೂಮಿಗೂ ಸರಿ. 1960ರ ಹೊತ್ತಿಗೆ ಪೌಂಡ್ ಮತ್ತು ರೆಬ್ಕಾ ಎಂಬ ವಿಜ್ಞಾನಿಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಕಟ್ಟಡವೊಂದರಲ್ಲಿ ಕೇವಲ 22.5 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಇದನ್ನು ಗಾಮಾ ಕಿರಣಗಳಲ್ಲಿ ಅಳೆದು ತೋರಿಸಿದರು. 2010ರಲ್ಲಿ ಅದು 33 ಸೆಂಟಿಮೀಟರಿಗೆ ಇಳಿಯಿತು. 2022ರಲ್ಲಿ ಒಂದು ಮಿಲಿಮೀಟರಿಗೆ.

ಈಗ ಜಿಪಿಎಸ್ ಲೆಕ್ಕ ಎರಡೇ ಸಾಲು. ವೇಗದಿಂದ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ. ಎತ್ತರದಿಂದ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ. ಉಳಿದದ್ದು 38. ಬೆಳಕು ಅಷ್ಟು ಹೊತ್ತಿನಲ್ಲಿ 11 ಕಿಲೋಮೀಟರಿಗೂ ಜಾಸ್ತಿ ಹೋಗುತ್ತದೆ. 10.23 ಮೆಗಾಹರ್ಟ್ಸ್‌ನಲ್ಲಿ (ಸೆಕೆಂಡಿಗೆ 1.023 ಕೋಟಿ ಸಲ) ಮಿಡಿಯಬೇಕಾದ ಗಡಿಯಾರವನ್ನು ಹಾರಿಸುವ ಮೊದಲೇ 10.22999999543ಕ್ಕೆ ಇಳಿಸಿಟ್ಟಿರುತ್ತಾರೆ, ಮೇಲೆ ಹೋದಾಗ ಅದು ಸರಿಯಾಗಿ ಕೇಳಿಸುತ್ತದೆ. 1977ರಲ್ಲಿ ಎನ್‌ಟಿಎಸ್-2 ಎಂಬ ಪರೀಕ್ಷಾ ಉಪಗ್ರಹ ಹಾರಿಸಿದಾಗ ಈ ತಿದ್ದುಪಡಿಯನ್ನು ಮೊದಲು ಚಾಲೂ ಮಾಡದೆ ನೋಡಿದ್ದರು. ಗಡಿಯಾರ ಸಿದ್ಧಾಂತ ಹೇಳಿದಷ್ಟೇ ಹೆಚ್ಚುಕಡಿಮೆ ಮುಂದೆ ಓಡಿತು. ಆಮೇಲೆ ಚಾಲೂ ಮಾಡಿದರು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇದು ತಿರುಗುಮುರುಗು. ಅದು ಬರೀ 400 ಕಿಲೋಮೀಟರ್ ಎತ್ತರ, ಆದರೆ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗ. ಅಲ್ಲಿ ವೇಗದ್ದೇ ಕೈ ಮೇಲು. ಆರು ತಿಂಗಳು ಇದ್ದು ಬಂದವರು ನಮಗಿಂತ ಸುಮಾರು 0.005 ಸೆಕೆಂಡ್ ಕಡಿಮೆ ವಯಸ್ಸಾಗಿ ಬರುತ್ತಾರೆ. ಅಂದರೆ "ವೇಗವಾಗಿ ಹೋದರೆ ಕಾಲ ನಿಧಾನ" ಎಂಬ ಮಾತು ಒಂದು ಉಪಗ್ರಹಕ್ಕೆ ಸರಿ, ಇನ್ನೊಂದಕ್ಕೆ ಅರ್ಧ ಮಾತ್ರ ಸರಿ.

ಇತ್ತೀಚೆಗೆ ಅಕ್ಕನ ಮಗ ಒಂದು ಹೊಸ ಲೆಕ್ಕ ಕೊಟ್ಟ. ಚಂದ್ರನಿಗೇ ಒಂದು ಅಧಿಕೃತ ಕಾಲ ಬೇಕು, 2026ರ ಕೊನೆಯೊಳಗೆ ಯೋಜನೆ ಮಾಡಿ ಎಂದು 2024ರಲ್ಲಿ ಅಮೆರಿಕ ಸರ್ಕಾರ ನಾಸಾಗೆ ಹೇಳಿದೆ. ಚಂದ್ರನ ಮೇಲಿನ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಎಷ್ಟು ಮುಂದೆ ಓಡುತ್ತದೆ, ಹೇಳಿ ನೋಡೋಣ ಎಂದ. ಗುರುತ್ವದಿಂದ ಬಹಳ ದೂರ ಇರುವ ಗಡಿಯಾರಕ್ಕೆ ಹೋಲಿಸಿದರೆ, ನೆಲದ ಮೇಲೆ ಭೂಮಿಯ ಗುರುತ್ವ ನಮ್ಮ ಗಡಿಯಾರವನ್ನು ದಿನಕ್ಕೆ ಸುಮಾರು 60.1 ಮೈಕ್ರೋಸೆಕೆಂಡ್ ಹಿಂದೆ ಎಳೆಯುತ್ತದೆ. ಚಂದ್ರನಲ್ಲಿ ಚಂದ್ರನದ್ದೇ ಗುರುತ್ವ 2.7 ಹಿಂದೆ ಎಳೆಯುತ್ತದೆ. ಅಷ್ಟು ದೂರದಿಂದ ಭೂಮಿಯ ಗುರುತ್ವ ಇನ್ನೊಂದು 1. ಚಂದ್ರ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಸುತ್ತುವುದರಿಂದ 0.5. ಮೂರನ್ನೂ 60.1ರಿಂದ ಕಳೆದೆ. 55.9 ಬಂತು.

ಅವನಿಗೆ ಕಳಿಸಿದೆ. "ತಜ್ಞರು 56.02 ಅಂದಿದಾರೆ ಚಿಕ್ಕಮ್ಮ" ಎಂದು ಉತ್ತರ ಬಂತು. "ಭೂಮಿ ತಿರುಗೋದನ್ನ ಬಿಟ್ಟಿದೀರಿ. ಸೇರಿಸಿ."